ಮೊದಲು ನೀನೇ ಹೋಗು

ನನ್ನ ತಮ್ಮ ನೆಲ್ಸ್ ಒಳ್ಳೆಯವನು ಎಂದು ನಮ್ಮೂರು ಡುಲುತ್‌ನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನೂ ಹಾಗೇ ಹೇಳುತ್ತೇನೆ. ಆದರೆ ಆ ಒಳ್ಳೆಯವನು ಹೆಂಡತಿಯ ಮೇಲೆ ಹೊಟ್ಟೆ ಉರಿದುಕೊಂಡು ವರ್ಷಗಟ್ಟಲೆ ಬದುಕಿದ. ಆ ಉರಿ ಹೊತ್ತಿಕೊಂಡದ್ದು ನನ್ನ ಅಡುಗೆಮನೆಯಲ್ಲಿ, ನನ್ನ ಕಣ್ಣೆದುರಿಗೇ.

ಶನಿವಾರ ಸಂಜೆ ನಮ್ಮ ಹಿತ್ತಲಿನ ಸೌನಾ ಬಿಸಿ ಮಾಡಿದರೆ ನೆಲ್ಸ್, ಅವನ ಹೆಂಡತಿ ಗ್ವೆನ್, ಮೂರು ವರ್ಷದ ಮಗಳು ಲಿನೇಯಾ ಬರುವುದು ವಾಡಿಕೆ. ಅಜ್ಜ ಫಿನ್ಲೆಂಡಿನಿಂದ ಅಮೆರಿಕಕ್ಕೆ ಬಂದ ಹೊಸದರಲ್ಲಿ ಕಟ್ಟಿದ ಮರದ ಕೋಣೆ ಅದು. ಒಳಗೆ ಕೂತು ಕಾದ ಕಲ್ಲಿನ ಮೇಲೆ ನೀರೆರಚಿ, ಮೈಯೆಲ್ಲ ಬೆವರಿ, ಆಮೇಲೆ ಒದ್ದೆ ಕೂದಲಲ್ಲೇ ಅಡುಗೆಮನೆಗೆ ಬಂದು ಕಾಫಿ ಕುಡಿಯುವುದು. ಜೊತೆಗೆ ಏಲಕ್ಕಿ ಹಾಕಿದ ಬನ್ನು. ನಮ್ಮ ಮನೆತನದ ಮುಖ್ಯ ಮಾತುಗಳೆಲ್ಲ ನಡೆದದ್ದು ಆ ಮೇಜಿನ ಸುತ್ತಲೇ.

ಅಂಥ ಒಂದು ಶನಿವಾರದ ಮಾತು ಇದು. ಗಂಡ ಹೆಂಡತಿ ಇಬ್ಬರೂ ಊರಿನ ಆಸ್ಪತ್ರೆಯ ಐಸಿಯುನಲ್ಲಿ ನರ್ಸ್‌ಗಳು. ಅರಿವಳಿಕೆ ನರ್ಸ್ ಆಗಬೇಕು, ಆಪರೇಷನ್ ಕೋಣೆಯಲ್ಲಿ ರೋಗಿಯನ್ನು ಮಲಗಿಸಿ ಎಬ್ಬಿಸುವ ಕೆಲಸ ಕಲಿಯಬೇಕು ಎಂದು ಇಬ್ಬರೂ ಒಟ್ಟಿಗೇ ಓದಿ, ಮಿನಿಯಾಪೊಲಿಸ್‌ನ ಒಂದೇ ಶಾಲೆಗೆ ಅರ್ಜಿ ಹಾಕಿದ್ದರು. ಒಂದೇ ವಾರದಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಆಗಲೇ ಕಷ್ಟ ಶುರುವಾದದ್ದು. ಓದು ಮೂರು ವರ್ಷ. ಅಷ್ಟೂ ದಿನ ಬೇರೆ ಕೆಲಸ ಮಾಡುವ ಹಾಗಿಲ್ಲ. ಫೀಸು, ಬಾಡಿಗೆ, ಊಟ ಎಲ್ಲಕ್ಕೂ ಸಾಲವೇ ಗತಿ. ಇಬ್ಬರೂ ಹೋದರೆ ಮನೆಯ ಕಂತು ಕಟ್ಟುವವರು ಯಾರು, ಮಗುವನ್ನು ನೋಡುವವರು ಯಾರು?

ನೆಲ್ಸ್ ಬನ್ನು ಮುರಿಯುತ್ತಾ ಹೇಳಿದ: "ಮೊದಲು ನೀನೇ ಹೋಗು ಗ್ವೆನ್. ನಿಂದು ಮುಗೀಲಿ. ಆಮೇಲೆ ನನ್ನ ಸರದಿ."

ನನ್ನ ಗಂಡ ರೇ ಮೇಜಿಗೆ ಗುದ್ದಿ, "ಗಂಡಸು ಅಂದ್ರೆ ನೀನಪ್ಪ!" ಎಂದು ಅವನ ಬೆನ್ನು ತಟ್ಟಿದ.

ಗ್ವೆನ್ ಲೋಟ ಕೆಳಗಿಟ್ಟು ಅವನ ಮುಖವನ್ನೇ ನೋಡಿದಳು. "ನಿಜವಾಗ್ಲೂ ಹೇಳ್ತಿದೀಯಾ?"

"ಹೂಂ, ಮತ್ತೇನು."

"ಸರಿ ಹಾಗಾದ್ರೆ. ಹೋಗ್ತೀನಿ."

ಬನ್ನು ಬಾಯಿಗೆ ಹೋಗುತ್ತಿದ್ದ ಅವನ ಕೈ ನಡುವೆಯೇ ನಿಂತದ್ದನ್ನು ನಾನು ನೋಡಿದೆ. ಸ್ವಲ್ಪ ಹೊತ್ತಿನ ಮೇಲೆ ಸೌದೆ ತರುವ ನೆಪದಲ್ಲಿ ನನ್ನ ಹಿಂದೆಯೇ ಗ್ಯಾರೇಜಿಗೆ ಬಂದ.

"ಹೆಲ್ಮಿ, ಅವಳು 'ಬೇಡ, ನೀನು ಹೋಗು' ಅಂತಾಳೆ ಅಂದ್ಕೊಂಡಿದ್ದೆ."

"ಹಂಗಂದ್ಕೊಂಡು ಹೇಳಿದ್ಯಾ?"

"ಒಂದೆರಡು ಸಲ ಬಲವಂತ ಮಾಡ್ತಾಳೆ, ಆಮೇಲೆ ನಾನು ಒಪ್ಕೊಳ್ಳೋದು ಅಂತ."

"ದಡ್ಡ! ಈಗ್ಲೇ ಒಳಗೆ ಹೋಗಿ ನಿಜ ಹೇಳು."

"ಹೇಗೆ ಹೇಳ್ಲಿ? ನಿನ್ನ ಗಂಡ ಬೆನ್ನು ಬೇರೆ ತಟ್ಟಿಬಿಟ್ಟ."

ಅಲ್ಲಿಗೆ ಅವನು ಉದಾರಿಯಾದ. ಊರೆಲ್ಲ ಹೊಗಳಿತು. ಚರ್ಚಿನಲ್ಲಿ, ಆಸ್ಪತ್ರೆಯಲ್ಲಿ, ಅಂಗಡಿಯಲ್ಲಿ ಯಾರು ಸಿಕ್ಕರೂ "ನಿಮ್ಮ ತಮ್ಮನಂಥ ಗಂಡ ಸಿಗೋದು ಕಷ್ಟ" ಎನ್ನುವವರೇ. ಹೊಗಳಿಕೆ ಹೆಚ್ಚಿದಷ್ಟೂ ಅವನಿಗೆ ಬಾಯಿ ಬಿಡುವ ದಾರಿ ಮುಚ್ಚಿಕೊಂಡಿತು.

ಗ್ವೆನ್‌ಗೂ ಸುಲಭವಿರಲಿಲ್ಲ. ಸಾಲದ ಕಾಗದಗಳಿಗೆ ಸಹಿ ಮಾಡಿದ ದಿನ ನನ್ನ ಬಳಿ ಬಂದು ಕೂತು, "ಹೆಲ್ಮಿ, ನಾನು ಪುಸ್ತಕ ತೆರೆಯೋಕೆ ಮುಂಚೆನೇ ಬಡ್ಡಿ ಓಡೋಕೆ ಶುರು ಮಾಡುತ್ತಂತೆ. ಫೇಲಾದ್ರೂ ಕಟ್ಟಬೇಕು, ಸತ್ರೆ ಮಾತ್ರ ಬಿಡ್ತಾರಂತೆ" ಎಂದು ನಕ್ಕಳು. ಮಿನಿಯಾಪೊಲಿಸ್‌ನಲ್ಲಿ ಇಬ್ಬರು ಹುಡುಗಿಯರ ಜೊತೆ ಒಂದು ಮನೆಯ ನೆಲಮಾಳಿಗೆಯಲ್ಲಿ ಬಾಡಿಗೆಗಿದ್ದಳು. ಶುಕ್ರವಾರ ಊರಿಗೆ ಬಂದು ಭಾನುವಾರ ಮಧ್ಯಾಹ್ನ ಹೊರಟಳೆಂದರೆ ಲಿನೇಯಾ ಕಾರಿನ ಬಾಗಿಲು ಹಿಡಿದುಕೊಂಡು ಬಿಡುತ್ತಿರಲಿಲ್ಲ.

ನೆಲ್ಸ್ ಹೆಚ್ಚುವರಿ ಪಾಳಿಗಳನ್ನು ಮಾಡಿದ. ಅಡುಗೆ ಮಾಡಿದ, ಮಗಳ ಜಡೆ ಹೆಣೆಯುವುದನ್ನು ಕಲಿತ. ಕೆಲಸದಲ್ಲಿ ಅವನನ್ನು ಬೆರಳು ಮಾಡಿ ತೋರಿಸುವಂತಿರಲಿಲ್ಲ. ವಿಷವೆಲ್ಲ ಮಾತಿನಲ್ಲಿತ್ತು. ವಾರವೆಲ್ಲ ಕಲಿತದ್ದನ್ನು ಗ್ವೆನ್ ಉತ್ಸಾಹದಿಂದ ಹೇಳಲು ಶುರುಮಾಡಿದರೆ ಅವನು ಪಾತ್ರೆಗಳನ್ನು ಜೋರಾಗಿ ಸದ್ದು ಮಾಡುತ್ತಾ ತೊಳೆಯುವನು. ನಡುವೆ ತಿರುಗಿ, "ಅದಾ? ಅದು ಐಸಿಯುನಲ್ಲಿ ನಮಗೆಲ್ಲ ಗೊತ್ತಿರೋದೇ" ಎನ್ನುವನು. ಗ್ವೆನ್ ಮಾತು ಅಲ್ಲಿಗೇ ನಿಲ್ಲುವುದು.

ನಾನು ಶಾಲೆಯ ಬಸ್ ಓಡಿಸುವವಳು. ಮಧ್ಯಾಹ್ನ ಬಿಡುವಿನಲ್ಲಿ ಒಮ್ಮೆ ಅವರ ಮನೆಗೆ ಹೋದಾಗ, ಗ್ವೆನ್ ಬಿಟ್ಟುಹೋಗಿದ್ದ ದಪ್ಪ ಪುಸ್ತಕವನ್ನು ಅವನು ಮೊಣಕಾಲ ಮೇಲಿಟ್ಟುಕೊಂಡು, ತುಟಿ ಅಲ್ಲಾಡಿಸುತ್ತಾ ಓದುತ್ತಿದ್ದ. ನನ್ನನ್ನು ಕಂಡದ್ದೇ ಪಟ್ಟನೆ ಮುಚ್ಚಿ ಸೋಫಾದ ಕೆಳಗೆ ತಳ್ಳಿದ. ಕೆಟ್ಟ ಪುಸ್ತಕ ಓದುತ್ತಾ ಸಿಕ್ಕಿಬಿದ್ದ ಹುಡುಗನ ಹಾಗೆ ಅವನ ಕಿವಿ ಕೆಂಪಾಗಿತ್ತು. ನಾನೂ ನೋಡದವಳಂತೆ ಇದ್ದುಬಿಟ್ಟೆ.

ಎರಡನೆಯ ವರ್ಷದ ಕೊನೆಗೆ ಅವಳ ಪ್ರಾಯೋಗಿಕ ತರಬೇತಿ ನಮ್ಮೂರ ಆಸ್ಪತ್ರೆಯಲ್ಲೇ ಬಿತ್ತು. ಮನೆಯಲ್ಲೇ ಇರಬಹುದೆಂದು ಲಿನೇಯಾ ಕುಣಿದಾಡಿದಳು. ನೆಲ್ಸ್ ಮಾತ್ರ ಪಾತ್ರೆ ತೊಳೆಯಲು ಎದ್ದುಹೋದ. ಒಂದು ಬೆಳಗ್ಗೆ ಐಸಿಯುನಲ್ಲಿ ಅವನು ನೋಡಿಕೊಳ್ಳುತ್ತಿದ್ದ ರೋಗಿಗೆ ಉಸಿರು ಕಟ್ಟತೊಡಗಿತು. ಅದಿರು ಸಾಗಿಸುವ ಹಡಗಿನಲ್ಲಿ ದುಡಿದಿದ್ದ ದಪ್ಪ ಕತ್ತಿನ ಮುದುಕ, ನ್ಯುಮೋನಿಯಾ. ಗಂಟಲಿಗೆ ಟ್ಯೂಬ್ ಇಳಿಸಿ ವೆಂಟಿಲೇಟರ್‌ಗೆ ಹಾಕಬೇಕು. ಅರಿವಳಿಕೆಯವರಿಗೆ ಕರೆ ಹೋಯಿತು. ಬಾಗಿಲು ತೆರೆದು ಬಂದವರು ಒಬ್ಬ ಹಿರಿಯ ಹೆಂಗಸು, ಅವರ ಹಿಂದೆ ನೀಲಿ ಟೋಪಿ ಹಾಕಿದ ಗ್ವೆನ್. ಹಿರಿಯಾಕೆ ಪಕ್ಕಕ್ಕೆ ಸರಿದು "ನೀನೇ ಮಾಡು" ಎಂದರು.

ಗ್ವೆನ್ ರೋಗಿಯ ತಲೆಯ ಕಡೆ ನಿಂತು, ಅವನ ಬಾಯಿಯಿಂದ ಕಣ್ಣು ತೆಗೆಯದೆ, "ನರ್ಸ್, ಔಷಧಿ ಕೊಡಿ" ಎಂದಳು.

ನೆಲ್ಸ್ ಕೊಟ್ಟ. ಮೊದಲ ಪ್ರಯತ್ನದಲ್ಲೇ ಟ್ಯೂಬ್ ಇಳಿಯಿತು. ಮುದುಕನ ಎದೆ ಸಮನಾಗಿ ಏರಿ ಇಳಿಯತೊಡಗಿತು. ಮುಂದೆ ಅವನು ಗುಣವಾಗಿ ಮನೆಗೂ ಹೋದ. ಹೊರಗೆ ಬಂದ ಮೇಲೆ ಜೊತೆಯವರೆಲ್ಲ, "ನೆಲ್ಸ್, ನಿನ್ನ ಹೆಂಡ್ತಿ ಕೈ ನೋಡಿದ್ಯಾ!" ಎಂದರಂತೆ. "ನೋಡ್ದೆ" ಎಂದನಂತೆ.

ಅಂದು ಸಂಜೆಯೇ ಬಂದು ನನಗೆ ಹೇಳಿದ. "ಅವಳಿಗೆ ಅಲ್ಲಿ ನಿಂತಿರೋದು ನಾನು ಅಂತ ಗೊತ್ತೇ ಆಗ್ಲಿಲ್ಲ ಹೆಲ್ಮಿ. ನರ್ಸ್ ಅಂತೆ. ನರ್ಸ್, ಕೊಡಿ ಅಂತೆ."

"ಸಾಯೋ ಮನುಷ್ಯನ ಮುಂದೆ ನಿಂತ್ಕೊಂಡು 'ಚಿನ್ನಾ, ಕೊಡು' ಅನ್ನಬೇಕಿತ್ತಾ?"

ಅವನು ನಗಲಿಲ್ಲ. "ಆ ಜಾಗ ನಂದು" ಎಂದ. ಆಮೇಲೆ, "ನಂದೂ ಆಗಿರಬೇಕಿತ್ತು" ಎಂದು ತಿದ್ದಿಕೊಂಡ.

ಗ್ವೆನ್ ಪಾಸಾದಳು. ಅದೇ ಆಸ್ಪತ್ರೆಯಲ್ಲಿ ಕೆಲಸವೂ ಸಿಕ್ಕಿತು. ಸಂಬಳ ನೆಲ್ಸನದಕ್ಕಿಂತ ಎರಡೂವರೆ ಪಟ್ಟು. ತಲೆಯ ಮೇಲೆ ಬಡ್ಡಿ ಸೇರಿ ಎರಡು ಲಕ್ಷ ಡಾಲರ್‌ಗೆ ಹತ್ತಿರದ ಸಾಲ. ಕೆಲಸಕ್ಕೆ ಸೇರಿದ ವಾರವೇ ಅವಳು, "ಈಗ ನೀನು ಅರ್ಜಿ ಹಾಕು ನೆಲ್ಸ್. ನಿಂಗೆ ಸಾಲ ಬೇಕಾಗಲ್ಲ, ನಾನಿದೀನಿ" ಎಂದಳು. ನನ್ನ ಮುಂದೆಯೇ ಹೇಳಿದಳು.

"ಮೊದ್ಲು ನಿನ್ನ ಸಾಲ ತೀರ್ಲಿ" ಎಂದ ನೆಲ್ಸ್. "ಎರಡು ವರ್ಷದಲ್ಲಿ ತೀರಿಸಿ ತೋರಿಸ್ತೀನಿ. ಲೆಕ್ಕ ನಂಗೆ ಬಿಡು."

ಅವನ ಯೋಜನೆ ಸರಳ. ಅವಳ ಸಂಬಳ ಪೂರಾ ಸಾಲಕ್ಕೆ. ಮನೆ ನಡೆಯುವುದು ಅವನ ಸಂಬಳದಲ್ಲಿ, ಮೊದಲು ನಡೆಯುತ್ತಿದ್ದ ಹಾಗೆಯೇ. ಒಳ್ಳೆಯ ಯೋಜನೆಯೇ. ಎಷ್ಟೋ ಜನ ಓದು ಮುಗಿಸಿದ ಕೂಡಲೇ ದೊಡ್ಡ ಮನೆ, ದೋಣಿ ಎಂದು ಕೊಂಡು ಮುದುಕರಾಗುವವರೆಗೂ ಬಡ್ಡಿ ಕಟ್ಟುತ್ತಿರುತ್ತಾರೆ. ಗ್ವೆನ್ ಖುಷಿಯಿಂದಲೇ ಒಪ್ಪಿದಳು. ಮೊದಲ ಕೆಲವು ತಿಂಗಳು ಸಾಲ ಇಳಿಯುವುದನ್ನು ನೋಡಿ ಇಬ್ಬರೂ ಅಡುಗೆಮನೆಯಲ್ಲಿ ಕೈ ಹಿಡಿದು ಕುಣಿದರಂತೆ.

ಆದರೆ ದಿನ ಕಳೆದಂತೆ ಹಗ್ಗ ಬಿಗಿಯಾಗುತ್ತಾ ಬಂತು. ಗ್ವೆನ್ ಕೂದಲು ಕತ್ತರಿಸಿಕೊಳ್ಳಬೇಕೆಂದರೆ, "ಹೆಲ್ಮಿ ಕತ್ತರಿಸ್ತಾಳಲ್ಲ". ಜೊತೆ ಕೆಲಸದವರು ಊಟಕ್ಕೆ ಕರೆದರೆ, "ಅವರಿಗೆ ಸಾಲ ಇಲ್ಲ, ನಮಗಿದೆ". ಹಲ್ಲು ನೋವಿದ್ದರೂ ತಿಂಗಳು ತಡೆ. ನೆಲ್ಸ್ ತನಗೂ ಏನೂ ಕೊಳ್ಳುತ್ತಿರಲಿಲ್ಲ. ಅವನ ಬೂಟಿಗೆ ಟೇಪು ಸುತ್ತಿತ್ತು. ಹಾಗಾಗಿ ಯಾರೂ ಏನೂ ಅನ್ನುವಂತಿರಲಿಲ್ಲ. ಆದರೆ ನಾಲ್ಕು ಜನ ಸೇರಿದ ಕಡೆ ಅವಳ ಹೆಗಲ ಮೇಲೆ ಕೈಹಾಕಿ, "ನಮ್ಮ ಡಾಕ್ಟರಮ್ಮನ ಹತ್ರ ಏನೂ ಕೇಳ್ಬೇಡಿ, ಅವಳಿನ್ನೂ ಸಾಲಗಾರ್ತಿ" ಎನ್ನುವನು. ಜನ ನಗುತ್ತಿದ್ದರು. ಗ್ವೆನ್ ಕೂಡ ನಗುತ್ತಿದ್ದಳು. ದಿನ ಹೋದಂತೆ ಅವಳ ನಗು ತಡವಾಗಿ ಬರುತ್ತಿತ್ತು.

ಸೌನಾದಲ್ಲಿ ಒಮ್ಮೆ ಅವಳು, "ಹೊರಗೆ ಒಂದು ಕಾಫಿ ಕುಡಿದ್ರೂ ಯಾಕೆ ಅಂತ ಕೇಳ್ತಾನೆ ಹೆಲ್ಮಿ. ದುಡ್ಡಿನ ಆಸೆ ಅವನಿಗೆ ಯಾವತ್ತೂ ಇರ್ಲಿಲ್ಲ. ಇದೇನು ಬಂತು ಅವನಿಗೆ?" ಎಂದಳು. ನನಗೆ ಏನು ಬಂದಿದೆಯೆಂದು ಗೊತ್ತಿತ್ತು. ತಮ್ಮನ ಮಾನ ಕಾಯಲು ಬಾಯಿ ಮುಚ್ಚಿಕೊಂಡೆ.

ಅವಳು ಕೆಲಸಕ್ಕೆ ಸೇರಿದ ಮೇಲಿನ ಎರಡನೆಯ ಚಳಿಗಾಲದ ಶುರುವಿನಲ್ಲಿ ಇನ್ನೊಂದು ನಡೆಯಿತು. ಹೆಪ್ಪುಗಟ್ಟಿದ ಕೆರೆಯಲ್ಲಿ ತೂತು ಕೊರೆದು ಮೀನು ಹಿಡಿಯಲು ಹೋಗುತ್ತೇನೆಂದು ಗ್ವೆನ್‌ಗೆ ಹೇಳಿ ಹೋದ ನೆಲ್ಸ್, ಸಂಜೆ ನೇರವಾಗಿ ನಮ್ಮ ಮನೆಗೆ ಬಂದ. ಕೈಯಲ್ಲಿ ಒಂದು ಮೀನೂ ಇಲ್ಲ. ಜಾಕೆಟ್ಟಿನ ಒಳಗಿಂದ ಇಸ್ತ್ರಿ ಮಾಡಿದ ಬಿಳಿ ಕಾಲರ್ ಇಣುಕುತ್ತಿತ್ತು.

"ಮೀನುಗಳಿಗೆ ಏನು ಮದುವೆನಾ? ಟೈ ಎಲ್ಲಿ?" ಎಂದೆ.

ಅವನು ಕುರ್ಚಿಯಲ್ಲಿ ಕುಸಿದ. ಗುಟ್ಟಾಗಿ ಅರ್ಜಿ ಹಾಕಿದ್ದನಂತೆ. ಅದೇ ಶಾಲೆ. ಅಂದು ಸಂದರ್ಶನ.

"ಯಾಕೆ ಗುಟ್ಟು?"

"ಸಿಕ್ಕ ಮೇಲೆ ಹೇಳೋಣ ಅಂತ. ಸಿಗಲ್ಲ ಬಿಡು. ಈ ಕೆಲಸಾನೇ ಯಾಕೆ ಬೇಕು ಅಂತ ಒಬ್ಬಳು ಕೇಳಿದ್ಳು. ಎಷ್ಟು ಚೆನ್ನಾಗಿ ತಯಾರು ಮಾಡ್ಕೊಂಡು ಹೋಗಿದ್ದೆ! ಆದ್ರೆ ಬಾಯಿಂದ ಬಂದದ್ದು, 'ನನ್ನ ಹೆಂಡ್ತಿಗಿಂತ ಎಂಟು ತಿಂಗಳು ಮೊದಲೇ ನಾನು ಐಸಿಯುಗೆ ಸೇರಿದೋನು' ಅಂತ."

"ಅಯ್ಯೋ ನೆಲ್ಸ್."

"ಅವರು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಗ್ವೆನ್‌ಗೆ ಹೇಳಬೇಡ. ನನ್ನಾಣೆ."

ಸೀಟು ಸಿಗಲಿಲ್ಲ. ಅಲ್ಲಿಂದಾಚೆಗೆ ಅವನು ಸಾಲ ತೀರಿಸುವುದರಲ್ಲಿ ಕ್ರೂರಿಯಾದ. ಬೇರೆ ಪದ ನನಗೆ ಸಿಗುತ್ತಿಲ್ಲ. ಲಿನೇಯಾಳ ಸ್ಕೇಟಿಂಗ್ ಪಾಠ ನಿಂತಿತು. ಮನೆಯೊಳಗೆ ಕೋಟು ಹಾಕಿಕೊಂಡೇ ಇರುವಷ್ಟು ಚಳಿ. ಗ್ವೆನ್‌ನ ಹಳೆಯ ಕಾರಿನ ಹೀಟರ್ ಕೆಟ್ಟು ನಿಂತಿತ್ತು. ರಿಪೇರಿ ಮಾಡಿಸೋಣವೆಂದು ಅವಳು ಎಷ್ಟೋ ಸಲ ಕೇಳಿದಳು. "ಮಾರ್ಚ್‌ವರೆಗೆ ತಡ್ಕೋ, ಕಂಬಳಿ ಇಟ್ಕೋ" ಎಂದ.

ಜನವರಿಯ ಒಂದು ಬೆಳಗ್ಗೆ ಎಂಥ ಚಳಿಯೆಂದರೆ ಶಾಲೆಗೆ ರಜೆ ಕೊಟ್ಟಿದ್ದರು. ಬಸ್ ಇಲ್ಲದೆ ನಾನು ಮನೆಯಲ್ಲಿದ್ದೆ. ಹಿತ್ತಲ ಬಾಗಿಲಿಗೆ ಯಾರೋ ಒದೆಯುವ ಸದ್ದು. ತೆರೆದರೆ ಗ್ವೆನ್. ರೆಪ್ಪೆಯ ಮೇಲೆಲ್ಲ ಮಂಜುಗಡ್ಡೆ. ರಾತ್ರಿಯೆಲ್ಲ ಡ್ಯೂಟಿ ಮಾಡಿ ಮನೆಗೆ ಹೋಗುವಾಗ ಕಾರು ಗುಡ್ಡದ ಏರಿನಲ್ಲಿ ಜಾರಿ, ಚರಂಡಿಗೆ ಇಳಿದು ನಿಂತಿತ್ತು. ಚಳಿಗೆ ಫೋನು ಸತ್ತಿತ್ತು. ಯಾರಾದರೂ ಬರುತ್ತಾರೆಂದು ಹೀಟರ್ ಇಲ್ಲದ ಕಾರಿನಲ್ಲಿ ಕಾದು, ಬರದಿದ್ದಾಗ ಹತ್ತಿರದ ನಮ್ಮ ಮನೆಗೆ ನಡೆದುಕೊಂಡು ಬಂದಿದ್ದಳು. ಬಾಗಿಲು ಬಡಿಯಲು ಕೈ ಬರದೆ ಕಾಲಿನಿಂದ ಒದ್ದಿದ್ದಳು.

ಕೈಗವಸು ತೆಗೆದೆ. ಬೆರಳ ತುದಿಗಳು ಮೇಣದ ಹಾಗೆ ಬೆಳ್ಳಗಾಗಿದ್ದವು. ಬೋಗುಣಿಗೆ ಬಿಸಿನೀರು ಸುರಿಯಹೋದೆ. "ಬಿಸಿ ಬೇಡ, ಬೆಚ್ಚಗಿರ್ಲಿ" ಎಂದು ಅವಳೇ ಹೇಳಿದಳು. ರಕ್ತ ಮರಳಿ ಹರಿಯತೊಡಗಿದಾಗ ನೋವಿಗೆ ಹಲ್ಲು ಕಚ್ಚಿ ಅತ್ತಳು.

"ಈ ಬೆರಳಲ್ಲೇ ಹೆಲ್ಮಿ, ನರ ಎಲ್ಲಿದೆ ಅಂತ ಹುಡುಕೋದು. ಈಗ ಏನೂ ಗೊತ್ತಾಗ್ತಿಲ್ಲ. ನೀರು ಮುಟ್ಟಿದ್ದೂ ಗೊತ್ತಾಗ್ತಿಲ್ಲ."

ನಾನು ನೆಲ್ಸನಿಗೆ ಫೋನ್ ಮಾಡಿದೆ. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಓಡಿಬಂದ. ಬಾಗಿಲಲ್ಲಿ ನಿಂತು, ಏದುಸಿರು ಬಿಡುತ್ತಾ, ಅವನ ಬಾಯಿಂದ ಮೊದಲು ಬಂದ ಮಾತು: "ಕಾರ್ ಎಲ್ಲಿದೆ?"

ಅವನು ಕೆಟ್ಟ ಅರ್ಥದಲ್ಲಿ ಕೇಳಿರಲಾರ. ಗಾಬರಿಯಾದಾಗ ಮನುಷ್ಯ ಏನಾದರೂ ಕೇಳುತ್ತಾನೆ. ಆದರೆ ಕೇಳಿ ಆಗಿತ್ತು.

ಗ್ವೆನ್ ಬೋಗುಣಿಯಿಂದ ತಲೆಯೆತ್ತಲಿಲ್ಲ. "ಹೀಟರ್ ರಿಪೇರಿಗೆ ಎಷ್ಟು ಅಂದಿದ್ರು ನೆಲ್ಸ್?"

"ಒಂಬೈನೂರು."

"ಅದೇ ತಿಂಗಳು ಸಾಲಕ್ಕೆ ಎಷ್ಟು ಕಟ್ಟಿದೆ?"

ಅವನು ತಿರುಗಿ ಬಾಗಿಲು ಮುಚ್ಚಿದ.

"ಹೇಳು. ಲೆಕ್ಕ ಎಲ್ಲ ನಿಂದೇ ಅಲ್ವಾ?"

"ಒಂಬತ್ತು ಸಾವಿರದ ಚಿಲ್ಲರೆ."

"ಸಾಲದವರು ಕೇಳಿದ್ದು ಎಷ್ಟು? ಅದರ ಕಾಲುಭಾಗ. ನಾನು ದಡ್ಡಿ ಅಲ್ಲ. ಇಷ್ಟು ದಿನ ಸಾಲದ ಭಯ ಅಂದ್ಕೊಂಡು ಸುಮ್ಮನಿದ್ದೆ. ನೀನು ತೀರಿಸ್ತಿರೋದು ಸಾಲ ಅಲ್ಲ ನೆಲ್ಸ್. ಸೇಡು."

ನಾನು ಅಲ್ಲಿಂದ ಎದ್ದುಹೋಗಬೇಕಿತ್ತು. ಆದರೆ ಅವಳ ಕೈಗಳು ನನ್ನ ಕೈಯಲ್ಲಿದ್ದವು.

ನೆಲ್ಸ್ ಟೋಪಿ ತೆಗೆದ. ಜಗಳವಾಡುತ್ತಾನೆ, ಇಲ್ಲ ಬಾಗಿಲು ಬಡಿದು ಹೋಗುತ್ತಾನೆ ಎಂದುಕೊಂಡೆ. ಅವನು ನೆಲದ ಮೇಲೆ, ಬೂಟುಗಳಿಂದ ಕರಗಿ ಹರಿದಿದ್ದ ನೀರಿನಲ್ಲೇ ಕೂತುಬಿಟ್ಟ.

"ಹೌದು," ಎಂದ. "ನಂಗೆ ಹೊಟ್ಟೆ ಉರಿಯುತ್ತೆ ಗ್ವೆನ್. ನಿನ್ನ ಸಂಬಳ ಬಂದ ದಿನ ಅದನ್ನ ಪೂರ್ತಿ ಕಟ್ಟಿಬಿಟ್ರೆ ಸ್ವಲ್ಪ ಸಮಾಧಾನ ಆಗ್ತಿತ್ತು. ಅದು ನಿನ್ನ ಕೈಲಿ ಇರಬಾರದು ಅಷ್ಟೆ. ನೀನು ಅದನ್ನ ಅನುಭವಿಸೋದು ನೋಡಕ್ಕಾಗ್ತಿರಲಿಲ್ಲ." ಮಾತು ಶುರುವಾದ ಮೇಲೆ ನಿಲ್ಲಲಿಲ್ಲ. ಸಂದರ್ಶನಕ್ಕೆ ಹೋದದ್ದನ್ನೂ ಸೀಟು ಸಿಗದಿದ್ದದ್ದನ್ನೂ ಹೇಳಿದ.

"ಯಾವತ್ತು?"

"ಮೀನು ಹಿಡಿಯೋಕೆ ಅಂತ ಹೋದೆನಲ್ಲ, ಅವತ್ತು."

ಗ್ವೆನ್ ನನ್ನ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತಾ?" ನಾನು ಬೋಗುಣಿಯ ನೀರು ನೋಡಿದೆ.

"ಮೊದಲು ನೀನೇ ಹೋಗು ಅಂದಾಗ್ಲೇ ನಂಗೆ ಮನಸ್ಸಿರಲಿಲ್ಲ" ಎಂದ ನೆಲ್ಸ್. "ನೀನು ಬೇಡ ಅಂತೀಯ ಅಂದ್ಕೊಂಡಿದ್ದೆ."

"ಗೊತ್ತಿತ್ತು."

ಅವನು ತಲೆಯೆತ್ತಿದ.

"ನಿನ್ನ ಮುಖ ನೋಡಿದ್ರೆ ಯಾರಿಗೂ ಗೊತ್ತಾಗ್ತಿತ್ತು. ನಿಜವಾಗ್ಲಾ ಅಂತ ಅದಕ್ಕೇ ಕೇಳಿದ್ದು. ನೀನು ಹೂಂ ಅಂದೆ. ನಂಗೂ ಹೋಗಬೇಕಿತ್ತು ನೆಲ್ಸ್. ತುಂಬಾ ಹೋಗಬೇಕಿತ್ತು. ಅದಕ್ಕೆ, ಸಿಕ್ಕಿದ್ದನ್ನ ತಗೊಂಡೆ."

ಮೊದಲು ಎದ್ದದ್ದು ನಾನು, ನೀರು ತಣ್ಣಗಾಗಿತ್ತು.

ಗ್ವೆನ್ ಅಂದು ಮನೆಗೆ ಹೋಗಲಿಲ್ಲ. ಲಿನೇಯಾಳನ್ನು ಕರೆಸಿಕೊಂಡು ನಮ್ಮಲ್ಲೇ ಉಳಿದಳು. ವಾರ ಕಳೆದರೂ ಹೊರಡಲಿಲ್ಲ. ಬೆರಳಲ್ಲಿ ಗುಳ್ಳೆ ಎದ್ದು, ಸುಲಿದು, ಹೊಸ ಚರ್ಮ ಬಂತು. ಸ್ಪರ್ಶ ಮರಳಲು ಇನ್ನೂ ಕೆಲವು ವಾರ ಹಿಡಿಯಿತು. ಅಷ್ಟು ದಿನ ಕೆಲಸಕ್ಕೆ ರಜೆ ಹಾಕಿದಳು. ಬೆರಳು ಸರಿಯಾಗದಿದ್ದರೆ ಸಾಲವೊಂದೇ ಉಳಿಯುತ್ತದೆ ಎಂಬ ಭಯಕ್ಕೆ ದಿನವೂ ಕಣ್ಣು ಮುಚ್ಚಿ, ಮೇಜಿನ ಮೇಲೆ ದಾರ ಹರಡಿ, ಅದು ಎಲ್ಲಿದೆಯೆಂದು ಬೆರಳಿನಿಂದ ಹುಡುಕುತ್ತಾ ಕೂರುವಳು. ಒಂದು ದಿನ ಸಿಕ್ಕಿತು. "ಹೆಲ್ಮೀ!" ಎಂದು ಅವಳು ಕಿರುಚಿದ್ದಕ್ಕೆ ನಾನು ಒಲೆಯ ಮೇಲಿನ ಹಾಲು ಚೆಲ್ಲಿದೆ.

ನೆಲ್ಸ್ ದಿನಾ ಸಂಜೆ ಬರುತ್ತಿದ್ದ. ಮೀನಿನ ಸಾರು ಮಾಡಿ ತರುವನು, ಮಗಳನ್ನು ಆಡಿಸುವನು, ಗ್ವೆನ್ ಕೋಣೆಯ ಕಡೆ ನೋಡಿ ಹೋಗುವನು. ಹೀಟರ್ ರಿಪೇರಿ ಮಾಡಿಸಿದ್ದ. ಅವಳು ಆ ಕಾರನ್ನು ತಿರುಗಿಯೂ ನೋಡದೆ, ತಾನೇ ಹೋಗಿ ತನ್ನ ದುಡ್ಡಿನಲ್ಲಿ ಬೇರೆ ಕಾರು ಕೊಂಡಳು. ಸಂಬಳ ತನ್ನ ಖಾತೆಗೇ ಬರುವಂತೆ ಮಾಡಿಕೊಂಡಳು. ಸಾಲಕ್ಕೆ ಎಷ್ಟು ಕಟ್ಟಬೇಕೆಂಬುದನ್ನು ಅವಳೇ ನಿರ್ಧರಿಸಿದಳು. ತಿಂಗಳಿಗೆ ಐದು ಸಾವಿರ, ಹೆಚ್ಚಿಲ್ಲ. ಎರಡು ವರ್ಷದ್ದು ಮೂರು ವರ್ಷವಾದರೆ ಆಗಲಿ ಎಂದಳು. ನೆಲ್ಸ್ ಒಂದಕ್ಕೂ ಎದುರಾಡಲಿಲ್ಲ.

ಒಂದು ಸಂಜೆ ಅವನು ಸಾರಿನ ಪಾತ್ರೆ ಇಟ್ಟು ಹೊರಡುವಾಗ ಗ್ವೆನ್ ಕೋಣೆಯಿಂದ ಹೊರಬಂದಳು.

"ಸಂದರ್ಶನದಲ್ಲಿ ಏನು ಕೇಳಿದ್ರು?"

ಅವನು ಹೇಳಿದ. ತನ್ನ ಉತ್ತರವನ್ನೂ ಹೇಳಿದ, ಎಂಟು ತಿಂಗಳ ಮಾತನ್ನೂ ಬಿಡದೆ.

"ಇಷ್ಟು ಕೆಟ್ಟ ಉತ್ತರ ನಾನು ಜನ್ಮದಲ್ಲಿ ಕೇಳಿಲ್ಲ" ಎಂದಳು ಗ್ವೆನ್. ಅವಳ ತುಟಿ ಅದುರಿತು. ಆ ಚಳಿಗಾಲದಲ್ಲಿ ಅವಳು ನಕ್ಕದ್ದನ್ನು ನಾನು ಮೊದಲು ಕೇಳಿದ್ದು ಅವತ್ತು. ನೆಲ್ಸ್ ನಗಬೇಕೋ ಬೇಡವೋ ಎಂದು ತಿಳಿಯದೆ ಸೌಟು ಹಿಡಿದು ನಿಂತಿದ್ದ.

ಅವಳು ಮನೆಗೆ ಮರಳಿದಳು. ಮುಂದಿನ ಅರ್ಜಿಗೆ ಅವಳೇ ಅವನನ್ನು ತಯಾರು ಮಾಡಿದಳು. ಅದು ಸಿಹಿಯಾದ ಕಾಲವೇನಲ್ಲ. ಹೆಂಡತಿ ಪ್ರಶ್ನೆ ಕೇಳಿ, "ತಪ್ಪು, ಮತ್ತೆ ಹೇಳು" ಎಂದಾಗಲೆಲ್ಲ ಅವನ ದವಡೆ ಬಿಗಿಯುತ್ತಿತ್ತು. ಎರಡು ಸಲ ಪುಸ್ತಕ ಎಸೆದು ನಮ್ಮ ಮನೆಗೆ ಬಂದ. "ಉರೀತಿದೆ ಹೆಲ್ಮಿ, ಈಗ್ಲೂ" ಎಂದ. "ಹೋಗಿ ಅವಳಿಗೇ ಹೇಳು" ಎಂದು ಕಳಿಸಿದೆ. ಹೋಗಿ ಹೇಳಿದನಂತೆ. "ಗೊತ್ತು, ಕೂತ್ಕೋ, ಮುಂದಿನ ಪ್ರಶ್ನೆ" ಎಂದಳಂತೆ.

ಸೀಟು ನೇರವಾಗಿ ಸಿಗಲಿಲ್ಲ, ಕಾಯುವವರ ಸಾಲಿನಲ್ಲಿ ಇಟ್ಟರು. ಶಾಲೆ ಶುರುವಾಗಲು ಇನ್ನೇನು ಸ್ವಲ್ಪ ದಿನವಿದೆ ಎನ್ನುವಾಗ, ಯಾರೋ ಬಿಟ್ಟರೆಂದು ಫೋನ್ ಬಂತು. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ನನ್ನ ತಮ್ಮ ಚೀಲ ಹೆಗಲಿಗೇರಿಸಿ ಮಿನಿಯಾಪೊಲಿಸ್‌ಗೆ ಹೊರಟ. ಫೀಸನ್ನು ಗ್ವೆನ್ ತನ್ನ ಸಂಬಳದಿಂದಲೇ ಕಟ್ಟಿದಳು. ತನ್ನ ಸಾಲದಲ್ಲಿ ಉಳಿದಿದ್ದಕ್ಕೆ ಸಾಲದವರು ಕೇಳಿದಷ್ಟೇ ಕಂತು ಕಟ್ಟುತ್ತಾ ಹೋದಳು. ತರಗತಿಯ ಹುಡುಗ ಹುಡುಗಿಯರು ಅವನಿಗೆ, "ನಿಂಗೇನಪ್ಪ, ಹೆಂಡ್ತಿ ಕಟ್ತಾಳೆ" ಎನ್ನುತ್ತಾರಂತೆ. ಅನ್ನುವಾಗ ಅವರ ಮುಖ ಹೇಗಿರುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಾಗುತ್ತದಂತೆ.

ಈಗ ಎರಡನೆಯ ವರ್ಷ ನಡೆಯುತ್ತಿದೆ. ಹೋದ ಶನಿವಾರ ನಾನೂ ಗ್ವೆನ್ನೂ ಸೌನಾದಲ್ಲಿ ಕೂತಿದ್ದೆವು. ಮನೆಯ ಒಳಗೆ ನೆಲ್ಸ್ ಮಗಳಿಗೆ ಗಣಿತ ಹೇಳಿಕೊಡುತ್ತಾ ತನ್ನ ಪುಸ್ತಕವನ್ನೂ ಓದುತ್ತಿದ್ದ. ಗ್ವೆನ್ ಆ ವಾರ ಮೂರು ರಾತ್ರಿ ಡ್ಯೂಟಿ ಮಾಡಿದ್ದಳು. ಕಣ್ಣ ಕೆಳಗೆ ಕಪ್ಪಾಗಿತ್ತು.

"ಒಂದು ಮಾತು ಹೇಳ್ಲಾ ಹೆಲ್ಮಿ? ನೀನು ಬೈಬಾರದು."

"ಹೇಳು ಮಾರಾಯ್ತಿ."

"ನಂಗೆ ಈಗ ಅವನ ಮೇಲೆ ಹೊಟ್ಟೆ ಉರಿಯುತ್ತೆ." ಅವಳು ಬೆವರು ಒರೆಸಿಕೊಂಡಳು. "ಅವನು ಎಷ್ಟು ಆರಾಮಾಗಿ ಓದ್ತಾನೆ ನೋಡು. ಪರೀಕ್ಷೆ ಅಂದ್ರೆ ಪರೀಕ್ಷೆ ಅಷ್ಟೆ ಅವನಿಗೆ. ನಂಗೆ ಒಂದೊಂದು ಪರೀಕ್ಷೆನೂ, ಇದರಲ್ಲಿ ಬಿದ್ರೆ ಆ ಸಾಲ ಹೊತ್ಕೊಂಡು ಎಲ್ಲಿಗೆ ಹೋಗ್ಲಿ ಅನ್ನೋ ಹಾಗಿತ್ತು. ಒಂದು ದಿನಾನೂ ಇಷ್ಟಪಟ್ಟು ಓದಲಿಲ್ಲ ನಾನು. ಭಾನುವಾರ ಲಿನೇಯಾ ಕಾರಿನ ಬಾಗಿಲು ಹಿಡ್ಕೊಳ್ತಿದ್ದಳಲ್ಲ, ಅವನು ಹೊರಡುವಾಗ ಅವಳು ಟಾಟಾ ಮಾಡಿ ಆಟಕ್ಕೆ ಓಡ್ತಾಳೆ. ಎಲ್ಲ ಅವನಿಗೆ ಸುಲಭ ಆಗಿದೆ. ಸುಲಭ ಮಾಡಿದ್ದು ನಾನೇ. ಅದಕ್ಕೇ ಇನ್ನೂ ಉರಿಯುತ್ತೆ."

ನಾನು ಬೈಯಲಿಲ್ಲ. ಬೈಯುವಂಥದ್ದೇನೂ ನನಗೆ ಕಾಣಲಿಲ್ಲ. "ಅವನಿಗೆ ಹೇಳಿದ್ಯಾ?" ಎಂದೆ.

"ಇಲ್ಲ. ಹೇಗೆ ಹೇಳೋದು ಅಂತಾನೇ ಗೊತ್ತಾಗ್ತಿಲ್ಲ. ಇಷ್ಟೆಲ್ಲ ಕೊಟ್ಟು, ಆಮೇಲೆ ಉರಿಯುತ್ತೆ ಅಂದ್ರೆ ಅವನು ಏನಂದ್ಕೊಳ್ಳಲ್ಲ?"

"ನೀನು ಹೀಗೆ ಕೂತ್ಕೊಂಡ್ರೆ ಅದು ಒಳಗೇ ಕೊಳೆಯುತ್ತೆ. ನೋಡಿದೀವಲ್ಲ."

ಅವಳು ಕಾದ ಕಲ್ಲಿನ ಮೇಲೆ ಇನ್ನೊಂದು ಸೌಟು ನೀರೆರಚಿದಳು. ಆಮೇಲೆ ಎದ್ದು ಟವೆಲ್ ಸುತ್ತಿಕೊಂಡು, ಬೂಟಿನೊಳಗೆ ಬರಿಗಾಲು ತೂರಿಸಿ ಹೊರಟಳು. ತೆರೆದ ಬಾಗಿಲಿನಿಂದ ಚಳಿ ನುಗ್ಗಿತು. ಹಿಮದ ಮೇಲೆ ಅವಳು ಮನೆಯ ಕಡೆ ನಡೆಯುವುದು ಕಿಟಕಿಯಿಂದ ಕಂಡಿತು. ಅಡುಗೆಮನೆಯ ದೀಪದಡಿಯಲ್ಲಿ ನೆಲ್ಸ್ ಪುಸ್ತಕದಿಂದ ತಲೆಯೆತ್ತಿದ. ಅವಳು ನಿಂತೇ ಏನೋ ಹೇಳಿದಳು. ಅವನು ಮಗಳನ್ನು ಆ ಕಡೆ ಕಳಿಸಿ, ಪಕ್ಕದ ಕುರ್ಚಿಯನ್ನು ಕಾಲಿನಿಂದ ಹಿಂದಕ್ಕೆ ತಳ್ಳಿಕೊಟ್ಟ. ಅವಳು ಕೂತಳು.